ಬೇರೆ ಗೋತ್ರದ ಮಾವ

ಎಂ.ಎಸ್ಸಿ. ಮುಗಿಸಿದ ವರ್ಷ ನನ್ನ ಪ್ರೊಫೆಸರರ ಸಂಶೋಧನೆಗಾಗಿ ಭದ್ರಾವತಿಯ ನ್ಯೂ ಟೌನಿನಲ್ಲಿ ಮನೆಮನೆ ತಿರುಗುತ್ತಿದ್ದೆ. ಸಕ್ಕರೆ ಕಾಯಿಲೆ ಇರುವ ಒಡಹುಟ್ಟಿದವರನ್ನು ಹುಡುಕಿ, ಬೆರಳಿನಿಂದ ಒಂದು ತೊಟ್ಟು ರಕ್ತ ತೆಗೆದು ಗುಂಪು ನೋಡುವುದು ಕೆಲಸ. ಇಂಥ ಕಾಯಿಲೆಯ ಹಿಂದೆ ಹಲವು ವಂಶವಾಹಿಗಳಿರಬಹುದು. ಊಟ, ವಯಸ್ಸು ಕೂಡ ಸೇರಿರಬಹುದು. ಆದರೂ ಕಾಯಿಲೆ ಹಂಚಿಕೊಂಡ ಅಣ್ಣತಂಗಿಯರು ರಕ್ತದ ಗುಂಪನ್ನೂ ನಿರೀಕ್ಷೆಗಿಂತ ಹೆಚ್ಚಾಗಿ ಹಂಚಿಕೊಂಡಿದ್ದರೆ, ಕಾಯಿಲೆಗೆ ಕಾರಣವಾದ ಒಂದು ವಂಶವಾಹಿಯು ರಕ್ತದ ಗುಂಪನ್ನು ನಿರ್ಧರಿಸುವ ವಂಶವಾಹಿಯ ನೆರೆಯಲ್ಲೇ ಇದೆಯೆಂದು ಊಹಿಸಬಹುದು. ತಂದೆತಾಯಿ ರಕ್ತಸಂಬಂಧಿಗಳಾದರೆ ಮಕ್ಕಳಲ್ಲಿ ಹೋಲಿಕೆ ಹೇಗೂ ಹೆಚ್ಚು, ಲೆಕ್ಕ ಬದಲಾಗುತ್ತದೆ. ಹಾಗಾಗಿ ಅದನ್ನು ಮೊದಲೇ ಕೇಳುತ್ತಿದ್ದೆ.

"ಸಂಬಂಧಿಕರಾ? ಇಲ್ಲಪ್ಪ, ನಮ್ಮಿಬ್ಬರದೂ ಗೋತ್ರ ಬೇರೆ ಬೇರೆ" ಎಂದರು ಒಬ್ಬ ಗೃಹಿಣಿ. ಹಾಗೆಂದೇ ಬರೆದುಕೊಂಡೆ. ಹೊರಡುವಾಗ ಅವರು ಗೋಡೆಯ ಫೋಟೋ ತೋರಿಸಿ, "ಇವರು ನಮ್ಮ ಅಮ್ಮನ ಅಮ್ಮ. ನಮ್ಮ ಯಜಮಾನ್ರಿಗೆ ತಾಯಿ" ಎಂದರು.

"ಅಂದ್ರೆ ಸೋದರಮಾವನ್ನೇ ಮದುವೆ ಆಗಿದ್ದೀರಾ?"

"ಹ್ಞೂಂ ಮತ್ತೆ! ಹೊರಗಿನವರಿಗೆ ಯಾಕೆ ಕೊಡ್ತಾರೆ?"

ಅಲ್ಲಿಯವರೆಗೆ 'ಸಂಬಂಧಿಕರಲ್ಲ' ಎಂದವರೂ ಗೋತ್ರವನ್ನೇ ಹೇಳಿರಬಹುದೆಂದು, ಹಿಂದೆ ಹೋಗಿದ್ದ ಮನೆಗಳಿಗೆಲ್ಲ ಮತ್ತೆ ಹೋಗಬೇಕಾಯಿತು.

ಆದರೆ ಅಂದು ಶಿವಮೊಗ್ಗಕ್ಕೆ ಮರಳುವ ಬಸ್ಸಿನಲ್ಲಿ ನನ್ನನ್ನು ಕಾಡಿದ್ದು ಬೇರೆ. ಅಮ್ಮನಿಗೆ ಸಕ್ಕರೆ ಕಾಯಿಲೆಯಿತ್ತು. ಅವಳ ತಮ್ಮನಿಗೂ ಬಂದಿತ್ತು. ಆ ತಮ್ಮನಿಗೇ ನನ್ನನ್ನು ಕೊಡುವುದೆಂದು ಮನೆಯಲ್ಲಿ ಮಾತಾಗಿತ್ತು. ಒಪ್ಪಿಗೆ ಯಾರೂ ಕೇಳಿರಲಿಲ್ಲ, ನಾನೂ ಬಾಯಿ ಬಿಟ್ಟಿರಲಿಲ್ಲ. ಈಗ ಕಾರಣವೊಂದು ಕೈಗೆ ಸಿಕ್ಕಿತ್ತು.

ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ಅಮ್ಮ ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕೂತು, ನಿನ್ನ ಮತ್ತು ಮಾವನ ರಕ್ತದಲ್ಲಿರುವುದು ನನ್ನ ಮಕ್ಕಳಿಗೆ ಎರಡೂ ಕಡೆಯಿಂದ ಇಳಿಯಬಹುದು ಎಂದು ವಿವರಿಸಿದೆ. ಅಮ್ಮ ಕೈ ನಿಲ್ಲಿಸದೆ ಕೇಳಿಸಿಕೊಂಡಳು.

"ಹಾಗಾದ್ರೆ ಖಂಡಿತ ಬರುತ್ತಾ?"

"ಖಂಡಿತ ಅಂತ ಹೇಳೋಕಾಗಲ್ಲ."

"ಹೊರಗಿನವನನ್ನ ಮಾಡ್ಕೊಂಡ್ರೆ ಬರೋದೇ ಇಲ್ವಾ?"

"ಹಾಗೂ ಹೇಳೋಕಾಗಲ್ಲ."

"ಮತ್ತೆ ಇಷ್ಟೊತ್ತು ಏನು ಹೇಳಿದ್ದು ನೀನು?"

ಸುಳ್ಳು ಹೇಳಿದ್ದರೆ ಅಮ್ಮ ನಂಬುತ್ತಿದ್ದಳು. ಆದರೆ ಪ್ರೊಫೆಸರರು ಇನ್ನೂ ಹುಡುಕುತ್ತಿದ್ದುದನ್ನು ಸಿಕ್ಕಿಬಿಟ್ಟಿತೆಂದು ನಾನು ಹೇಳುವಂತಿರಲಿಲ್ಲ.

"ನನಗೆ ಮಾವನ್ನ ಮದುವೆ ಆಗೋಕೆ ಇಷ್ಟ ಇಲ್ಲಮ್ಮ."

ಅಮ್ಮನ ಕೈ ನಿಂತಿತು.

"ಅದನ್ನ ಹೇಳೋಕೆ ಇಷ್ಟೆಲ್ಲ ಓದ್ಬೇಕಿತ್ತಾ ಮಾರಾಯ್ತಿ?" ಎಂದು ಮೊರ ಪಕ್ಕಕ್ಕಿಟ್ಟಳು. "ಭಾನುವಾರ ಬರ್ತಾನೆ. ಸಕ್ಕರೆ ಹಾಕದ ಕಾಫಿ ಕೊಟ್ಟು ನೀನೇ ಹೇಳು. ನನ್ನ ಕೈಲಿ ಆಗಲ್ಲ."