ಪಲ್ಲವಿ ಖಾಲಿ ಬಿಟ್ಟ ಕಾಲಂ

ನನ್ನ ಮೊಮ್ಮಗಳು ಪಲ್ಲವಿಗೆ ಮೊದಲನೇ ಬಹುಮಾನ ಬಂದಿದೆ! ರಾಷ್ಟ್ರಪತಿ ಚುನಾವಣೆಗಳಲ್ಲಿ ನಮ್ಮ ರಾಜ್ಯ ಹೇಗೆ ಮತ ಹಾಕುತ್ತಾ ಬಂದಿದೆ ಎಂದು ಅವಳು ಬರೆದ ದೊಡ್ಡ ಪಟ್ಟಿಯನ್ನು ಚಿಂತಾಮಣಿಯ ಕಾಲೇಜಿನವರು ಮೆಚ್ಚಿಕೊಂಡರು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು, ವಾಪಸು ಬರುವಾಗ ಬಸ್ಸು ಶಿಡ್ಲಘಟ್ಟದಲ್ಲಿ ನಿಂತಾಗ ಅದನ್ನು ಬಿಚ್ಚಿ ಎಲ್ಲರಿಗೂ ತೋರಿಸಿದೆ.

ರೇಷ್ಮೆಗೂಡು ಮಾರಿ ಬಂದು ಪಕ್ಕದಲ್ಲಿ ಕೂತಿದ್ದ ರೈತರೊಬ್ಬರು ಬೆರಳಿಟ್ಟು ಕೇಳಿದರು: "ಇದೇನಮ್ಮ, ನಮ್ಮ ಎಮ್ಮೆಲ್ಲೆ ಯಾರಿಗೆ ಹಾಕಿದ್ರು ಅನ್ನೋ ಕಾಲಂ ಖಾಲಿ ಬಿಟ್ಟಿದೀಯ?"

"ರಾಷ್ಟ್ರಪತಿಗೆ ನಾವು ಓಟು ಹಾಕಲ್ಲ ತಾತ, ನಮ್ಮ ಪರವಾಗಿ ಅವರು ಹಾಕ್ತಾರೆ. ಯಾರಿಗೆ ಅನ್ನೋದು ಗುಟ್ಟು," ಎಂದಳು ಪಲ್ಲವಿ.

ನನಗೆ ಮೈಯೆಲ್ಲ ಉರಿದುಹೋಯಿತು. "ಮಾರ್ಕೆಟ್ಟಲ್ಲಿ ಇವರ ಗೂಡು ಯಾರು ತಗೊಂಡ್ರು ಅಂತ ಚೀಟಿ ಕೊಡ್ತಾರೆ. ನಮ್ಮ ಓಟು ತಗೊಂಡೋರಿಗೆ, ಅದನ್ನ ಯಾರಿಗೆ ಕೊಟ್ರು ಅಂತ ಹೇಳಕ್ಕೇನು ದಾಡಿ?"

"ಈ ಸಲ ಎಲೆಕ್ಷನ್ನಿಗೆ ಅಜ್ಜೀನೇ ನಿಲ್ಲಿಸಿಬಿಡಣ!" ಎಂದ ಕಂಡಕ್ಟರು. ಬಸ್ಸೆಲ್ಲ ನಕ್ಕಿತು. ನಾನು ನಗಲಿಲ್ಲ.

ಸಂಜೆ ಚಿಕ್ಕಬಳ್ಳಾಪುರದ ಮನೆಯಲ್ಲಿ ಎಲ್ಲರೂ ಒಟ್ಟಿಗೆ ಮುದ್ದೆ, ಅವರೆಕಾಳು ಸಾರಿಗೆ ಕೂತೆವು. ನಾನಿನ್ನೂ ಬೈಯುತ್ತಲೇ ಇದ್ದೆ.

"ಅದಿರ್ಲಿ ಕಣಮ್ಮ," ಎಂದ ಮಗ, "ಹೋದ ಎಲೆಕ್ಷನ್ನಲ್ಲಿ ನೀನು ಯಾರಿಗೆ ಹಾಕ್ದೆ?"

ತಟ್ಟೆಯ ಮೇಲೆ ಎಲ್ಲರ ಕೈಯೂ ನಿಂತಿತು.

"ಮುದ್ದೆ ಆರೋಗ್ತದೆ, ತಿನ್ನೋ," ಎಂದೆ.