ಯಾವ್ ಕಾಲ್ದು?

ಚಿನ್ನದ ಪರಮಾಣುಗಳ ಪುಟ್ಟ ಗೊಂಚಲಿಗೂ ಎಡ-ಬಲ ಉಂಟು, ಕಾಯಿಸಿದರೆ ಅದು ಅದಲುಬದಲಾಗಬಹುದು ಎಂದು ಈಚೆಗೆ ಓದಿದಾಗ, ಸೇಲಂನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಕನ್ನಡ ಮನೆಮಾತಿನ ಅಕ್ಕ ನೆನಪಾದರು.

ತೊಂಬತ್ತರ ದಶಕದಲ್ಲಿ ನಾನು ಅಲ್ಲಿ ಕೆಮಿಸ್ಟ್ರಿ ಮೇಷ್ಟ್ರು. ಅಕ್ಕ ಜಗಲಿಯಲ್ಲಿ ಕೂತು, ಬೆಳ್ಳಿ ತಂತಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಹುರಿ ಮಾಡಿ ಕೊಲುಸು, ಅಂದರೆ ಕಾಲ್ಗೆಜ್ಜೆ, ಕಟ್ಟುತ್ತಿದ್ದರು. ಎಡಗಾಲಿನದಕ್ಕೆ ಎಡಹುರಿ, ಬಲಗಾಲಿನದಕ್ಕೆ ಬಲಹುರಿ. ಚಪ್ಪಲಿಯಾಗಲಿ ಮಾವಿನಹಣ್ಣಾಗಲಿ, ಏನು ಕೈಗೆ ಕೊಟ್ಟರೂ ಅವರ ಮೊದಲ ಮಾತು: "ಯಾವ್ ಕಾಲ್ದು?"

ಅಕ್ಕನ ಮಗಳ ಮದುವೆಯ ಹಿಂದಿನ ದಿನ, ಮಾತಿನ ಭರದಲ್ಲಿ ಅವಳ ಎರಡು ಕೊಲುಸಿಗೂ ಬಲಹುರಿಯೇ ಬಿದ್ದುಬಿಟ್ಟಿತ್ತು.

"ನಾಳೆ ಬೀಗರ ಮುಂದೆ ನನ್ ಮಾನ ಓಯ್ತು!" ಅಕ್ಕ ತಲೆಯ ಮೇಲೆ ಕೈ ಹೊತ್ತು ಕೂತರು.

"ಒಂದನ್ನ ತಲೆಕೆಳಗು ಮಾಡಿಬಿಡಿ ಅಕ್ಕ, ಎಡ ಆಗುತ್ತೆ" ಎಂದೆ.

ಅಕ್ಕ ಕೊಲುಸನ್ನು ನನ್ನ ಕಣ್ಣೆದುರೇ ತಿರುಗಿಸಿ ಹಿಡಿದರು. ಹುರಿ ಬಲಕ್ಕೇ ಇತ್ತು.

"ಎಂಗ್ ತಿರುಗ್ಸುದ್ರೂ ಇದು ಬಲಗಾಲ್ದೇ ಸಾರ್. ಬೆಂಕೀಲಿ ಕಾಯ್ಸಿ, ಬಿಚ್ಚಿ, ಆ ಕಡೀಕೆ ತಿರುಚ್ಬೇಕು."

ಒಲೆ ಊದುತ್ತಾ ಕೇಳಿದರು: "ಇದ್ನೆಲ್ಲಾ ನಿಮ್ ಕಾಲೇಜಲ್ಲಿ ಏಳ್ಕೊಡಲ್ವಾ?"

ಬಲಗೈಯನ್ನು ಎಷ್ಟು ತಿರುಗಿಸಿದರೂ ಎಡಗೈ ಆಗದು ಎಂದು ಅದೇ ಬೆಳಿಗ್ಗೆ ಒಂದು ತಾಸು ಪಾಠ ಮಾಡಿ ಬಂದಿದ್ದೆ.

"ಇಲ್ಲಕ್ಕಾ" ಎಂದೆ.