ಗೋಡೌನಿನಲ್ಲಿ ಉಳಿದ ಮನೆದೇವರು

ಈಗಷ್ಟೇ ಶಟರ್ ಎತ್ತಿದೆ. ನುಸಿಗುಳಿಗೆಯ ವಾಸನೆಯ ಅಡಿಯಲ್ಲಿ ಎಲ್ಲೋ ಕರ್ಪೂರ. ಅದು ನಿಜಕ್ಕೂ ಇದೆಯೋ, ನನ್ನ ಮೂಗು ಕಲ್ಪಿಸಿಕೊಂಡದ್ದೋ, ಪ್ರಮಾಣ ಮಾಡಿ ಹೇಳಲಾರೆ. ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ನೀವು ಅರ್ಧ ನಂಬಿದರೆ ಸಾಕು.

ಪಾಂಡವಪುರದ ಈ ಗೋಡೌನು ನನ್ನ ಸೋದರತ್ತೆಯದು. ಮೊದಲು ಬೆಲ್ಲ ತುಂಬುತ್ತಿದ್ದ ಕಟ್ಟಡ. ಆಮೇಲೆ ಅತ್ತೆ ಅಡ್ಡಗೋಡೆ ಹಾಕಿಸಿ, ವರ್ಗವಾದವರ, ಮನೆ ಬದಲಿಸುವವರ ಸಾಮಾನನ್ನು ಬಾಡಿಗೆಗೆ ಇಟ್ಟುಕೊಳ್ಳತೊಡಗಿದಳು. ಒಬ್ಬ ಮೇಷ್ಟ್ರು ಬರೀ ಬಾಗಿಲುಗಳನ್ನು ಇಟ್ಟಿದ್ದರು. ಮನೆ ಇನ್ನೂ ಕಟ್ಟಿಸಬೇಕಿತ್ತು.

ಕೆ.ಆರ್. ಪೇಟೆ ಕಡೆಯ ಜಯಮ್ಮ ಎಂಬಾಕೆ ಮಂಚ, ಬೀರು, ಜೊತೆಗೊಂದು ಬಿದಿರಿನ ಪೆಟ್ಟಿಗೆ ಇಟ್ಟು ಹೋದವಳು ಬರಲೇ ಇಲ್ಲ. ಫೋನಿಗೂ ಸಿಗಲಿಲ್ಲ. ಆಗತಾನೆ ಅತ್ತೆಯ ಕೈಕೆಳಗೆ ಸೇರಿದ್ದ ನಾನು ದೊಡ್ಡ ವ್ಯವಹಾರಸ್ಥನಂತೆ, ಮಾರಿಬಿಡೋಣ ಎಂದೆ. ಶ್ರೀರಂಗಪಟ್ಟಣದ ವಕೀಲರು ನಕ್ಕರು.

“ಬಾಡ್ಗೆ ಬಂದಿಲ್ಲ ಅಂತ ವಸ್ತು ನಿಂದಾಗ್ಬುಡಲ್ಲ ಕಣಯ್ಯ. ನೋಟಿಸು ಕೊಡು, ಕೋರ್ಟ್ನ ಕೇಳು. ಅಲ್ಲೀಗಂಟ ನೀನು ಕಾವಲುಗಾರ, ಅಷ್ಟೇಯ.”

ನೋಟಿಸಿಗೆ ಮುಂಚೆ ಏನೇನಿದೆ ನೋಡೋಣವೆಂದು ಪೆಟ್ಟಿಗೆ ತೆರೆದೆವು. ಒಳಗೆ ಅರಿಶಿನದ ಬಟ್ಟೆಯಲ್ಲಿ ಸುತ್ತಿದ ಬೆಳ್ಳಿಯ ಮುಖ: ಅವರ ಮನೆದೇವರು. ಅತ್ತೆ ಕೈ ಹಿಂದೆಗೆದಳು. “ದ್ಯಾವ್ರನ್ನ ದೀಪ್ವೇ ಇಲ್ದೆ ಮಡಗ್ಬುಟ್ಟಿದ್ದೀವಲ್ಲೋ!”

ಆ ಶುಕ್ರವಾರದಿಂದ ದೀಪ. ನಾವು ಎಡವಿದ್ದು ಇಲ್ಲೇ. ದೀಪ ಕಂಡ ಪಕ್ಕದ ಮನೆಯ ನಿಂಗಮ್ಮ ಹೂ ತಂದಳು. ಅವಳ ಸೊಸೆ ಹರಕೆ ಹೊತ್ತಳು. ಸೊಸೆ ಬಸುರಾದಳು. ಮುಗಿಯಿತಲ್ಲ, ಬೀದಿಯ ಹೆಂಗಸರೆಲ್ಲ ಶುಕ್ರವಾರ ನಮ್ಮ ಗೋಡೌನಿನಲ್ಲಿ. ಇದು ಬೇರೊಂದು ವಂಶದ ದೇವರು ಎಂಬುದು ಯಾರಿಗೂ ನೆನಪಿರಲಿಲ್ಲ. ಪ್ರಸಾದದ ಮೊಸರನ್ನ ಚೆನ್ನಾಗಿರುತ್ತಿತ್ತು. ನೋಟಿಸಿನ ಮಾತನ್ನು ನಾನೂ ಎತ್ತಲಿಲ್ಲ.

ಜಯಮ್ಮ ಬಂದದ್ದೂ ಶುಕ್ರವಾರವೇ. ಇಷ್ಟು ಕಾಲ ಕಾಯಿಲೆಯ ಗಂಡನೊಂದಿಗೆ ಆಸ್ಪತ್ರೆಗಳನ್ನು ಸುತ್ತಿದ್ದಳಂತೆ. ಈಗ ಮಗಳ ಮದುವೆ. ಮನೆದೇವರಿಗೆ ಪೂಜೆಯಾಗದೆ ಅವರಲ್ಲಿ ಚಪ್ಪರ ಏಳುವುದಿಲ್ಲ.

ನಿಂಗಮ್ಮ ಬಾಗಿಲಿಗೆ ಅಡ್ಡ ನಿಂತಳು. “ಬುಟ್ಟೋಗಿದ್ದೋಳ್ಗೆ ಈಗ ದ್ಯಾವ್ರು ಬೇಕಾಯ್ತಾ? ಊವು ಏರ್ಸಿದೋರು ನಾವು!”

“ಬುಟ್ಟೋಗಿರ್ನಿಲ್ಲ ಕಣವ್ವ, ಮಡಗೋಗಿದ್ದೆ,” ಎಂದಳು ಜಯಮ್ಮ.

ಎಲ್ಲರೂ ಅತ್ತೆಯತ್ತ ತಿರುಗಿದರು. ಅವಳು ಕಲ್ಲಿನಂತೆ ನಿಂತಿದ್ದಳು ಎಂದು ಬರೆಯಲು ನನಗೆ ಆಸೆ. ಅಳುತ್ತಿದ್ದಳು ಎನ್ನುತ್ತಾಳೆ ಅಂದು ಅಲ್ಲೇ ಇದ್ದ ನನ್ನ ಅಕ್ಕ. ಆಡಿದ ಮಾತಿನ ಬಗ್ಗೆ ಮಾತ್ರ ನಮ್ಮಿಬ್ಬರಿಗೂ ತಕರಾರಿಲ್ಲ.

“ನಿಂಗಿ, ದಾರಿ ಬುಡು. ದೀಪ ಅಚ್ಚುದ್ದಕ್ಕೆ ದ್ಯಾವ್ರು ನಮ್ದಾದ್ರೆ, ನಾಳೀಕೆ ಧೂಳು ಒರುಸ್ದೊ ಅಂತ ಬೀರೂನೂ ನಮ್ದೇ ಅಂತೀವಿ. ಲೇ, ಏನ್ಲಾ ನೋಡ್ತಾ ನಿಂತಿದ್ದೀಯ? ಎತ್ತು!”

ಎತ್ತಿದೆ. ನಿಂಗಮ್ಮ ಕದಲಲಿಲ್ಲ. ಅತ್ತೆಯೇ ಅವಳ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

“ಅಂಗಾರೆ ನನ್ ಸೊಸೆ ಅರಕೆ?” ನಿಂಗಮ್ಮನ ದನಿ ಒಡೆದಿತ್ತು.

“ಕೂಸ್ನ ಎತ್ಕೊಂಡು ನಮ್ಮೂರ್ಗೇ ಬನ್ನಿ. ನಾನೇ ನಿಂತು ತೀರುಸ್ಕೊಡ್ತೀನಿ,” ಎಂದಳು ಜಯಮ್ಮ.

“ನೋಡ್ರವ್ವ, ಮದ್ವೆಗ್ ಕರೀದೆ ಅರಕೆಗ್ ಕರೀತಾಳೆ!” ನಿಂಗಮ್ಮ ಉಳಿದ ಹೆಂಗಸರತ್ತ ತಿರುಗಿದಳು.

ಜಯಮ್ಮ ಅಲ್ಲೇ ಇಡೀ ಬೀದಿಯನ್ನು ಮದುವೆಗೆ ಕರೆದಳು. ಎಲ್ಲರೂ ಹೋದರು, ನಿಂಗಮ್ಮನೂ. ಆದರೆ ಅತ್ತೆಯ ಜೊತೆ ಅವಳು ಬಹಳ ಕಾಲ ಮಾತಾಡಲಿಲ್ಲ. ಅತ್ತೆ ಅದನ್ನು ಸಹಿಸಿಕೊಂಡಳೇ ಹೊರತು, ತಪ್ಪಾಯಿತೆಂದು ಒಮ್ಮೆಯೂ ಅನ್ನಲಿಲ್ಲ.

ಈಗ ಗೋಡೌನು ನೋಡಿಕೊಳ್ಳುವವನು ನಾನು. ನಾಗಮಂಗಲದವರೊಬ್ಬರ ಫ್ರಿಜ್ಜು, ಹೊಲಿಗೆ ಮಿಷನ್ನು ಬಹಳ ಕಾಲದಿಂದ ಬಿದ್ದಿವೆ. ನೋಟಿಸು ವಾಪಸು ಬಂದಿದೆ. ನಾನು ಇಷ್ಟು ಬರೆಯುವಷ್ಟರಲ್ಲಿ ಗುಜರಿಯವನು ಬಂದು ಬಾಗಿಲಲ್ಲಿ ಕೂತಿದ್ದಾನೆ.

“ಯಾರ್ ಕೇಳ್ತಾರೆ, ಕೊಟ್ಬುಡಿ ಸಾ.”

ಕೊಡುವುದಿಲ್ಲ ಎಂದೆ. ನಾಳೆ ಬೆಳಗ್ಗೆ ನಾಗಮಂಗಲಕ್ಕೆ ಹೋಗುತ್ತೇನೆ. ಅವರು ಅಲ್ಲಿ ಸಿಗದಿದ್ದರೆ, ಬೆಳ್ಳೂರಲ್ಲಿ ಅವರ ತಂಗಿಯ ಮನೆ ಇದೆಯಂತೆ.